ಅವ್ವನ ಪಾಳಿ

ಗೌರಮ್ಮನಿಗೆ ಓದಲು ಬರುತ್ತಿರಲಿಲ್ಲ. ಈ ಸಂಗತಿ ಮನೆಯವರನ್ನು ಬಿಟ್ಟರೆ ಇಡೀ ನಾಗಪುರದಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಸದರ್ ಬಡಾವಣೆಯ ಚರ್ಚಿನ ಪಾದ್ರಿಯವರಂತೂ ‘ಈ ಕಾನಡಿ ಅಜ್ಜಿ ದಿನಾ ಸತ್ಯವೇದ ಓದುತ್ತಾಳೆ, ನಿಮಗೇನು ಧಾಡಿ’ ಎಂದು ತಮ್ಮ ಮರಾಠಿ ಸಭೆಯ ಹೆಂಗಸರಿಗೆ ಎರಡು ಮೂರು ಸಲ ಅವಳ ಉದಾಹರಣೆ ಕೊಟ್ಟಿದ್ದರು. ಗೌರಮ್ಮ ಆ ಹೊಗಳಿಕೆಯನ್ನು ತಲೆಯ ಮೇಲೆ ಸೆರಗೆಳೆದುಕೊಂಡು, ಬೇಡ ಅನ್ನುವವಳ ಹಾಗೆ ಕೂತು, ಒಂದು ಹನಿಯೂ ಚೆಲ್ಲದಂತೆ ತೆಗೆದುಕೊಳ್ಳುತ್ತಿದ್ದಳು.

ಓದಿಸುತ್ತಿದ್ದವಳು ಸೊಸೆ ಕರುಣಾ. ಅಜನಿಯ ರೈಲ್ವೆ ಕ್ವಾರ್ಟರ್ಸಿನ ಆ ಎರಡು ಖೋಲಿಯ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಮನೆಪ್ರಾರ್ಥನೆ. ಅದು ಗದಗ-ಬೆಟಗೇರಿಯ ಮಿಶನ್ ಕಂಪೌಂಡಿನಿಂದ ಜೊತೆಗೆ ಕಟ್ಟಿಕೊಂಡು ಬಂದ ಪದ್ಧತಿ. ಚಾಪೆಯ ಮೇಲೆ ಸುತ್ತಾಗಿ ಕೂತು, ಒಬ್ಬೊಬ್ಬರು ಒಂದೊಂದು ವಚನದಂತೆ ಸತ್ಯವೇದದ ಒಂದು ಅಧ್ಯಾಯ ಓದಬೇಕು. ಮೊದಲು ಮಗ ಸಮಾಧಾನಪ್ಪ, ಲೋಕೋ ಶೆಡ್ಡಿನಲ್ಲಿ ಫಿಟ್ಟರ್. ಆಮೇಲೆ ಗೌರಮ್ಮ, ಆಮೇಲೆ ಕರುಣಾ, ಆಮೇಲೆ ಸಮಾಧಾನಪ್ಪನ ತಂಗಿ ವಿಜಯಾ. ನಿನ್ನೆ ಯಾರಿಗೆ ನಿಂತಿತ್ತೋ ಇವತ್ತು ಅವರ ಮುಂದಿನವರು ಶುರುಮಾಡಬೇಕು. ಮರಾಠಿ ಶಾಲೆಯಲ್ಲಿ ಬೆಳೆದ ವಿಜಯಾ ಕನ್ನಡವನ್ನು ಕಲ್ಲುದಾರಿಯಲ್ಲಿ ಬರಿಗಾಲಲ್ಲಿ ನಡೆಯುವವಳ ಹಾಗೆ ಓದುತ್ತಿದ್ದಳು. ಆದರೂ ಪಾಳಿ ಅಂದರೆ ಪಾಳಿ, ಯಾರಿಗೂ ತಪ್ಪುವಂತಿರಲಿಲ್ಲ.

ಗೌರಮ್ಮನ ಪಾಳಿ ಬಂದಾಗ ಕರುಣಾ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ವಚನದ ಒಂದು ತುಂಡನ್ನು ಪಿಸುಗುಟ್ಟುವಳು. ಗೌರಮ್ಮ ತೊಡೆಯ ಮೇಲೆ ಪುಸ್ತಕ ಬಿಚ್ಚಿಟ್ಟುಕೊಂಡು, ಆ ತುಂಡನ್ನು ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳುವಳು. ಮುಂದಿನ ತುಂಡು ಬೇಕಾದಾಗ ಎರಡು ಬೆರಳಿನಿಂದ ಸೊಸೆಯ ಮೊಣಕಾಲನ್ನು ತಟ್ಟುವಳು. ಧಾರವಾಡದ ಮಿಶನ್ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ ಬಂದ ಸೊಸೆಗೆ ಅತ್ತೆ ಕೊಟ್ಟ ಮೊದಲ ಕೆಲಸ ಅದು. ಹೊರಗಿನವರು ಎದುರಿಗೆ ಕೂತಿದ್ದರೂ ಗೊತ್ತಾಗದಷ್ಟು ಅವರಿಬ್ಬರ ಕೈ ಬಾಯಿ ಪಳಗಿದ್ದವು.

ಅತ್ತೆ ಸತ್ತು ವರ್ಷ ಕಳೆದ ಮೇಲೆ, ಕರುಣಾ ಮತ್ತೆ ಬಸಿರಾದ ಮೇಲೆ, ಆ ಎರಡು ಬೆರಳು ಅವಳ ಮೊಣಕಾಲನ್ನು ಮತ್ತೆ ತಟ್ಟತೊಡಗಿದವು.

ಇದಕ್ಕೆ ಹಿಂದಿನ ಕಥೆ ಹೇಳಬೇಕು. ಹಿಂದಿನ ವರ್ಷದ ಬೇಸಿಗೆಯಲ್ಲಿ ಕರುಣಾಳ ಚೊಚ್ಚಲ ಬಸಿರು ಆರನೆಯ ತಿಂಗಳಿಗೆ ಹೋಗಿಬಿಟ್ಟಿತು. ನಾಗಪುರದ ಬಿಸಿಲು, ನೀರಿನ ಕೊಡ, ಏನು ಕಾರಣವೋ ಡಾಕ್ಟರಿಗೂ ಗೊತ್ತಾಗಲಿಲ್ಲ. ಗೌರಮ್ಮನಿಗೆ ಮಾತ್ರ ಗೊತ್ತಿತ್ತು. ಅವಳಿಗೆ ಗೊತ್ತಿಲ್ಲದ ಸಂಗತಿ ಪ್ರಪಂಚದಲ್ಲಿ ಅಕ್ಷರವೊಂದೇ. ಪಾದ್ರಿಯವರು ಹೆಂಡತಿಯ ಜೊತೆ ಸಮಾಧಾನ ಹೇಳಲು ಬಂದ ದಿನ, ಚಹಾ ಕೊಡುತ್ತಿದ್ದ ಸೊಸೆಯ ಎದುರಿಗೇ ಅಂದಳು:

“ಏನ್ ಮಾಡೂದ್ರಿ. ಹೊಟ್ಯಾಗ ಕೊಟ್ಟಿದ್ದು ಹಿಡಕೊಳ್ಳಾಕ ಬರಂಗಿಲ್ಲ ಈಕಿಗೆ. ಕೈಯೂ ಸಡ್ಲ, ಒಡಲೂ ಸಡ್ಲ.”

ಪಾದ್ರಿಯವರ ಹೆಂಡತಿಗೆ ಕನ್ನಡ ಬಾರದು. ಅವಳು ಒಳ್ಳೆಯ ಮಾತೇ ಇರಬೇಕೆಂದು ತಲೆಯಾಡಿಸಿದಳು. ಕರುಣಾ ಬಸಿ ಇಟ್ಟು ಒಳಗೆ ಹೋದಳು. ಅವಳಿಗೆ ಅಳು ಬರಲಿಲ್ಲ, ಬಂದದ್ದು ಸಿಟ್ಟು. ಮೈಯಲ್ಲಿ ಇನ್ನೂ ಸರಿಯಾಗಿ ನಿಲ್ಲುವ ತ್ರಾಣ ಇಲ್ಲದಿದ್ದರೂ ಆ ಸಿಟ್ಟಿಗೆ ಮಾತ್ರ ಎಲ್ಲಿಂದಲೋ ಬಲ ಬಂದಿತ್ತು.

ಅತಿಥಿಗಳು ಮನೆಪ್ರಾರ್ಥನೆಗೆ ಉಳಿದುಕೊಂಡರು. ಸಮಾಧಾನಪ್ಪ ಓದಿದ. ಗೌರಮ್ಮನ ಪಾಳಿ ಬಂತು. ಅವಳು ಗಂಟಲು ಸರಿಮಾಡಿಕೊಂಡು, ಪುಸ್ತಕದ ಮೇಲೆ ಬಾಗಿ, ಬೆರಳಿನಿಂದ ತಟ್ಟಿದಳು. ಕರುಣಾ ಸುಮ್ಮನಿದ್ದಳು. ಇನ್ನೊಮ್ಮೆ ತಟ್ಟಿದಳು. ವಚನ ಕರುಣಾಳ ಕಣ್ಣ ಮುಂದೆಯೇ ಇತ್ತು, ನಾಲಿಗೆಯ ತುದಿಗೂ ಬಂದಿತ್ತು. ಅವಳು ಹಲ್ಲು ಕಚ್ಚಿಕೊಂಡು ಪುಟ ತಿರುವುವವಳ ಹಾಗೆ ನಟಿಸಿದಳು. ಮೂರನೆಯ ಸಲ ಬೆರಳು ಬಂದು ತಟ್ಟಲಿಲ್ಲ, ಸುಮ್ಮನೆ ಮೊಣಕಾಲಿನ ಮೇಲೆ ನಿಂತಿತು. ಪಾದ್ರಿಯವರು ಕಣ್ಣೆತ್ತಿ ನೋಡಿದರು.

“ಕಣ್ಣು ಮಂಜಾಗ್ಯಾವ್ರಿ,” ಎಂದಳು ಗೌರಮ್ಮ, ಪುಸ್ತಕ ಮುಚ್ಚುತ್ತ. “ನೀವು ಮುಂದಕ್ಕ ಹೋಗ್ರಿ.”

ಜನ ಹೋದ ಮೇಲೆ ಸಮಾಧಾನಪ್ಪ ಕೇಳಿದಾಗ ಕರುಣಾ “ಜಾಗ ತಪ್ಪಿತ್ತು” ಅಂದಳು. ಅವನು ನಂಬಿದ. ಕೆದಕುವ ಸ್ವಭಾವ ಅವನದಲ್ಲ, ಇಂಜಿನ್ನು ಬಿಟ್ಟರೆ ಬೇರೆ ಯಾವುದನ್ನೂ ಬಿಚ್ಚಿ ನೋಡಿದವನಲ್ಲ. ಗೌರಮ್ಮನೂ ಏನೂ ಅನ್ನಲಿಲ್ಲ. ಉಪ್ಪು ಹೆಚ್ಚಾದರೆ ನಾಲ್ಕು ಮನೆಗೆ ಸಾರುತ್ತಿದ್ದ ಹೆಂಗಸು ಈ ಒಂದು ಮಾತನ್ನು ಯಾರ ಮುಂದೆಯೂ ಎತ್ತಲಿಲ್ಲ. ಅದೇ ಕರುಣಾಳ ಎದೆಯಲ್ಲಿ ಕಲ್ಲಾಗಿ ಕೂತಿತು.

ಪಾದ್ರಿಯವರು ಒಳ್ಳೆಯವರು, ಆದ್ದರಿಂದ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಕಣ್ಣು ಮಂಜಾದ ಅಜ್ಜಿಗೆ ಕನ್ನಡಕ ಮಾಡಿಸಿಕೊಡಬೇಕೆಂದು ಬೈಬಲ್ ಹೆಂಗಸು ಕಾಶಿಬಾಯಿಯನ್ನು ಕಳಿಸಿದರು. ಸಭೆಯ ಮನೆಮನೆಗೆ ಹೋಗಿ ಹೆಂಗಸರಿಗೆ ವೇದ ಓದಿಹೇಳುವ ಕೆಲಸ ಕಾಶಿಬಾಯಿಯದು. ಗೌರಮ್ಮ ಬೇಡವೆನ್ನುವಂತಿರಲಿಲ್ಲ. ಬೇಡವೆಂದರೆ ಗುಟ್ಟು ಬಯಲಾಗುತ್ತದೆ. ಟಾಂಗಾದಲ್ಲಿ ಕೂತು ಸೀತಾಬರ್ಡಿ ಪೇಟೆಗೆ ಹೋಗಿ, ಹದ್ದಿನಂಥ ತನ್ನ ಕಣ್ಣುಗಳಿಗೆ ದಪ್ಪ ಗಾಜಿನ ಕನ್ನಡಕ ಹಾಕಿಸಿಕೊಂಡು ಬಂದಳು. ಹಾಕಿಕೊಂಡರೆ ಹೊಸ್ತಿಲೇ ಕಾಣದೆ ಎಡವುತ್ತಿದ್ದಳು. ಆದರೂ ಅದನ್ನು ತೆಗೆಯಲಿಲ್ಲ. ಸಂಜೆ ಪ್ರಾರ್ಥನೆಯಲ್ಲಿ ಕನ್ನಡಕ ಹಾಕಿಕೊಂಡು, ಮುಚ್ಚಿದ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂರುವಳು. ಪಾಳಿ ಬಂದಾಗ “ಮುಂದಕ್ಕ ಹೋಗ್ರಿ” ಅನ್ನುವಳು. ಆ ಗಾಜಿನ ಹಿಂದಿನ ದೊಡ್ಡ ದೊಡ್ಡ ಕಣ್ಣು ಕರುಣಾಳ ಕಡೆಗೇ ಇರುತ್ತಿದ್ದವು.

ಮಳೆಗಾಲದಲ್ಲಿ ಜ್ವರ ಬಂತು. ನಾಲ್ಕಾರು ದಿನದಲ್ಲಿ ಗೌರಮ್ಮ ಹೋಗಿಬಿಟ್ಟಳು. ಕರುಣಾ ಗಂಜಿ ಕುಡಿಸಿದಳು, ಮೈ ಒರೆಸಿದಳು, ಕಾಲೊತ್ತಿದಳು. ಹೇಳಬೇಕಾದ ಒಂದು ಮಾತನ್ನು ಮಾತ್ರ ನಾಳೆ ನಾಳೆ ಎಂದು ತಳ್ಳಿದಳು. ಪೆಟ್ಟಿಗೆಯಲ್ಲಿ ಮಲಗಿಸುವಾಗ ಸಮಾಧಾನಪ್ಪ ಅಳುತ್ತ ಕನ್ನಡಕವನ್ನು ತಂದು ತಾಯಿಗೆ ಹಾಕಿದ. “ಅಲ್ಲೆರ ಓದ್ಲಿ ನಮ್ಮವ್ವ,” ಅಂದ. ಗೋರಿಯ ಬಳಿ ಪಾದ್ರಿಯವರು, ನಂಬಿಕೆಯಲ್ಲಿ ತೀರಿಹೋದವರು ಎಲ್ಲಿಯೂ ಹೋಗಿಲ್ಲ, ಸಾಕ್ಷಿಗಳಾಗಿ ಮೋಡದ ಹಾಗೆ ನಮ್ಮ ಸುತ್ತಲೂ ಇದ್ದಾರೆ ಎಂದು ಬೋಧಿಸಿದರು. ಜನರೆಲ್ಲ ಕಣ್ಣೊರೆಸಿಕೊಂಡು ಧೈರ್ಯ ತಂದುಕೊಂಡರು. ಕರುಣಾ ಮಾತ್ರ ಬೆವತುಹೋದಳು. ಆ ಮೋಡದ ಮೊದಲ ಸಾಲಿನಲ್ಲಿ, ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಯಾರು ಕೂತಿರುತ್ತಾರೆಂದು ಅವಳಿಗೆ ಗೊತ್ತಿತ್ತು.

ತಾಯಿ ಸತ್ತ ಮೇಲೂ ಸಮಾಧಾನಪ್ಪ ಅವಳ ಪಾಳಿಯನ್ನು ತೆಗೆಯಲಿಲ್ಲ. ತನ್ನ ವಚನ ಮುಗಿಸಿ “ಅವ್ವಂದು” ಅನ್ನುವನು. ಎಲ್ಲರೂ ತಲೆತಗ್ಗಿಸಿ ಸುಮ್ಮನಿರಬೇಕು. ಒಂದು ವಚನ ಓದುವಷ್ಟು ಹೊತ್ತು ಬಿಟ್ಟು “ಹೂಂ” ಅಂದರೆ, ಕರುಣಾ ಆ ವಚನವನ್ನು ದಾಟಿ ಮುಂದಿನದನ್ನು ಓದಬೇಕು. ಮಗನ ಪ್ರೀತಿ ಅದು, ತಪ್ಪೆನ್ನಲಾಗದು. ಆದರೆ ಹೀಗೆ ಓದಿದ ಸತ್ಯವೇದ ಇಲಿ ಕಡಿದ ದುಪ್ಪಟಿಯ ಹಾಗೆ ತೂತುತೂತಾಗಿ ಕೇಳಿಸುತ್ತಿತ್ತು. ಒಬ್ಬ ಪ್ರವಾದಿ ಬೆಟ್ಟ ಹತ್ತಲು ಶುರುಮಾಡುವನು, ಇಳಿಯುವುದು ಅವ್ವನ ಪಾಳಿಗೆ ಬಂದು ಅಲ್ಲೇ ಉಳಿದುಬಿಡುವನು.

ವರ್ಷ ಹೀಗೆ ಹೋಯಿತು. ಕರುಣಾ ಬಸಿರಾಗಿ ಮೂರನೆಯ ತಿಂಗಳು ನಡೆಯುತ್ತಿದ್ದಾಗ ಒಂದು ಸಂಜೆ, ಗಂಡ “ಅವ್ವಂದು” ಅಂದು ಸುಮ್ಮನಾದ ಕೂಡಲೇ, ಅವಳ ಮೊಣಕಾಲಿಗೆ ಎರಡು ಬೆರಳು ತಟ್ಟಿದವು. ಸೀರೆಯ ಮೇಲಿಂದ, ಮೆಲ್ಲಗೆ, ನಿಜವಾದ ಬೆರಳು. ಅವಳು ಹೌಹಾರಿ ನೋಡಿದಳು. ಚಾಪೆ ಖಾಲಿಯಿತ್ತು. ಮರುದಿನ ಗೋಡೆಗೆ ಆತು ಕೂತಳು, ಅದರ ಮರುದಿನ ವಿಜಯಾಳ ಜಾಗಕ್ಕೆ ಬದಲಾಯಿಸಿಕೊಂಡಳು. ಎಲ್ಲಿ ಕೂತರೂ ಅವ್ವನ ಪಾಳಿಯ ಆ ಮೌನದಲ್ಲಿ ಬೆರಳು ಬಂದು ತಟ್ಟುವುದು ತಪ್ಪಲಿಲ್ಲ.

ತಿಂಗಳುಗಳು ತುಂಬುತ್ತ ಹೋದವು. ಆರನೆಯದು ಹತ್ತಿರ ಬಂದಂತೆ ಕರುಣಾಳಿಗೆ ಅನ್ನ ಇಳಿಯದಾಯಿತು. ಸಡಿಲ ಒಡಲು ಎಂದು ಬಾಯಿಬಿಟ್ಟು ಆಡಿದ ಹೆಂಗಸು, ಕ್ಷಮೆ ಕೇಳಿಸಿಕೊಳ್ಳದೆ ಸತ್ತ ಹೆಂಗಸು, ಕಳೆದ ಸಲ ಬಸಿರು ಹೋದ ಆ ಆರನೆಯ ತಿಂಗಳಿಗೇ ಈಗ ಕಾದು ಕೂತಿದ್ದಾಳೆ. ಬೇರೆ ಯಾತಕ್ಕೆ ಬಂದು ತಟ್ಟುತ್ತಾಳೆ? ಪಕ್ಕದ ಮನೆಯ ನೀಲಾಂಬಿಕಾ, ಅವಳೂ ಗದಗಿನ ಕಡೆಯ ಲಿಂಗವಂತರ ಹೆಣ್ಣುಮಗಳು, ಮುಖ ನೋಡಿಯೇ “ದೃಷ್ಟಿ ತಗೀತೀನಿ ಬಾ” ಅಂದಳು. ನಮ್ಮಲ್ಲಿ ಅದೆಲ್ಲ ಇಲ್ಲ ಎಂದು ಕರುಣಾ ಹೇಳಿದಳು. ಹಾಗೆ ಹೇಳಿ, ಮನೆಗೆ ಬಂದು, ಬಾಗಿಲು ಹಾಕಿಕೊಂಡು ಅತ್ತಳು.

ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತಿದ್ದಾಗ ವಿಜಯಾಳನ್ನು ಕೇಳಿಯೇಬಿಟ್ಟಳು. “ನಿಮ್ಮವ್ವ ಕಡೀಕಡೀಗೆ ಯಾಕ ಪಾಳಿ ಬಿಟ್ಟಳಂತ ನಿನಗೇನರ ಹೇಳಿದ್ಳೇನು?”

“ಹೇಳಿದ್ಳಲ್ಲ ವೈನಿ. ನಾನs ಕೇಳಿದ್ದೆ,” ಅಂದಳು ವಿಜಯಾ. “ನಿನ್ನ ವೈನಿ ದಣದಾಳ, ಆಕಿ ಬಾಯಿಗೆ ಒಂದಿಷ್ಟು ಆರಾಮ ಇರ್ಲಿ ಅಂದ್ಳು.”

“ಹೆಂಗ ಅಂದ್ಳು? ಸಿಟ್ಟೀಲೇನು?”

ವಿಜಯಾ ಯೋಚಿಸಿದಳು. “ಅವ್ವ ಹೆಂಗ ಅಂತಿದ್ಳೋ ಹಂಗs ಅಂದ್ಳು.”

ಅದೇ ತೊಡಕು. ಗೌರಮ್ಮ ಅಕ್ಕರೆಯನ್ನೂ ಚುಚ್ಚುವ ದನಿಯಲ್ಲಿ ಆಡುತ್ತಿದ್ದಳು, ಚುಚ್ಚುಮಾತನ್ನು ಅಕ್ಕರೆಯ ದನಿಯಲ್ಲಿ ಆಡುತ್ತಿದ್ದಳು. ಬದುಕಿದ್ದಾಗಲೇ ಬಿಡಿಸಿ ತಿಳಿಯುವುದು ಕಷ್ಟವಿತ್ತು. ಸತ್ತ ಮೇಲೆ ಯಾರನ್ನು ಕೇಳಬೇಕು? ಕರುಣಾ ಆ ಮಾತನ್ನು ಎರಡೂ ರೀತಿಯಲ್ಲಿ ಮನಸ್ಸಿನಲ್ಲಿ ಆಡಿ ಆಡಿ ನೋಡಿದಳು. ಒಮ್ಮೆ ಜೀವ ತಣ್ಣಗಾಗುತ್ತಿತ್ತು, ಮರುಗಳಿಗೆಗೆ ಕೊಳ್ಳಿ ಇಟ್ಟ ಹಾಗಾಗುತ್ತಿತ್ತು.

ನವೆಂಬರ್ ಒಂದರಂದು ಮುಂಜಾನೆಯೇ ನೀಲಾಂಬಿಕಾ ಪೇಡೆ ತಂದುಕೊಟ್ಟಳು. ಕನ್ನಡ ಮಾತಾಡುವ ಊರುಗಳೆಲ್ಲ ಒಂದೇ ರಾಜ್ಯಕ್ಕೆ ಸೇರಿದ ದಿನ ಅದು. ಸಮಾಧಾನಪ್ಪ ಪೇಡೆ ಬಾಯಿಗೆ ಹಾಕಿಕೊಂಡು, “ಗದಗ ಮುಂಬಯಿ ಬಿಟ್ಟು ಮೈಸೂರಿಗೆ ಹೋತು, ನಾಗಪುರ ರಾಜಧಾನಿ ಪಟ್ಟ ಬಿಟ್ಟು ಮುಂಬಯಿಗೆ ಬಂತು. ನಾವು ಕೂತಲ್ಲೆ ಕೂತೀವಿ, ರಾಜ್ಯ ಅಡ್ಡಾಡಾಕತ್ತಾವು,” ಎಂದು ನಕ್ಕು ಡ್ಯೂಟಿಗೆ ಹೋದ.

ಮಧ್ಯಾಹ್ನ ಕಾಶಿಬಾಯಿ ಬಂದಳು. ಸೊಲ್ಲಾಪುರದವಳಾದ್ದರಿಂದ ಅವಳಿಗೆ ಅರ್ಧ ಕನ್ನಡ ಬರುತ್ತಿತ್ತು, ಉಳಿದರ್ಧವನ್ನು ಕೈಸನ್ನೆಯಲ್ಲಿ ತುಂಬಿಕೊಳ್ಳುತ್ತಿದ್ದಳು. ಚೀಲದಿಂದ ಪುಸ್ತಕ ತೆಗೆಯುತ್ತ ಹೇಳಿದಳು: “ಇವತ್ತು ಎಲ್ಲಾ ಸಂತರ ದಿವಸ. ಕ್ಯಾಥೊಲಿಕ್ ಮಂದಿ ನಾಳೆ ಗೋರಿಗೆ ಮೇಣಬತ್ತಿ ತಗೊಂಡು ಹೋಗ್ತಾರ. ನಮ್ಮಾಗ ಅದು ಇಲ್ಲ.”

“ಯಾಕಿಲ್ರಿ ಮಾವಶಿ?” ಕರುಣಾ ಕೇಳಿದಳು. “ಸತ್ತವರ ಕಡೆ ಒಂದು ಮಾತು ತಪ್ಪಾತು ಅನ್ನಬೇಕಾದ್ರ ನಮ್ಮಂಥವರು ಎಲ್ಲಿ ಹೋಗಬೇಕ್ರಿ?”

ಕಾಶಿಬಾಯಿ ಅವಳ ಮುಖವನ್ನೂ ಹೊಟ್ಟೆಯನ್ನೂ ನೋಡಿದಳು. ಯಾರ ಮಾತು, ಎಂಥ ತಪ್ಪು ಎಂದು ಕೇಳಲಿಲ್ಲ. ಮನೆಮನೆ ತಿರುಗುವ ಹೆಂಗಸಿಗೆ ಅಷ್ಟು ತಿಳಿಯದೆ ಇರುತ್ತದೆಯೆ?

“ನಿಮ್ಮತ್ತಿ ಸಂತಳು ಅಂತ ನಿನಗ ಅನಸ್ತದೇನು?”

ಕರುಣಾಳಿಗೆ ಇಷ್ಟು ದಿನದಲ್ಲಿ ಮೊದಲ ಸಲ ನಗು ಬಂತು. “ಇಲ್ರಿ.”

“ನನಗೂ ಇಲ್ಲ. ಕನ್ನಡಕದ ಅಂಗಡಿಯಾಗ ಆ ಮನುಷ್ಯಾನ್ನ ಎಷ್ಟು ಬೈದ್ಳು ನಾ ಕಂಡೀನಿ.” ಕಾಶಿಬಾಯಿ ಪುಸ್ತಕವನ್ನು ಕೊರಿಂಥದ ಸಭೆಯವರಿಗೆ ಬರೆದ ಪತ್ರಕ್ಕೆ ತಿರುವಿದಳು. “ಈ ಮಂದೀನ್ನ ನೋಡು. ಒಬ್ಬರ ಮ್ಯಾಲೊಬ್ಬರು ಕೋರ್ಟಿಗೆ ಹೋಗ್ತಾರ, ಪ್ರಭುವಿನ ಭೋಜನಕ್ಕ ಕುಡದು ಬರ್ತಾರ, ನಾ ದೊಡ್ಡಾಂವ ನೀ ದೊಡ್ಡಾಂವ ಅಂತ ಜಗಳಾ. ಪತ್ರಾ ಬರದ ಪೌಲ ಅದರ ತುಂಬ ಬೈತಾನ. ಖರೆ, ಶುರುವಿಗೆ ಏನಂತ ಕರೀತಾನ? ದೇವರ ಸಂತರು ಅಂತಾನ. ಬೈಯೂಕ್ಕಿಂತ ಮೊದಲs ಅಂತಾನ. ಚೊಲೋ ಇದ್ದವರನ್ನ ಸಂತರು ಅನ್ನೂದಿಲ್ಲ ಬಾಯಿ, ದೇವರು ತನ್ನವರು ಅಂದವರನ್ನ ಅನ್ನೂದು. ನಿಮ್ಮತ್ತೀನೂ ಅದರಾಗ ಬಂದ್ಳು. ನೀನೂ ಬಂದಿ.”

“ಹಂಗಾದ್ರ ಆಕಿ ಈಗ ಏನ್ ಮಾಡ್ತಿರ್ತಾಳ್ರಿ?”

“ಅದು ನನಗ ಗೊತ್ತಿಲ್ಲ,” ಅಂದಳು ಕಾಶಿಬಾಯಿ, ಪ್ರಾಮಾಣಿಕವಾಗಿ. “ಓದ್ತಾ ಹೋಗು.”

ಅವಳು ಹೋದ ಮೇಲೆ ಕರುಣಾ ಸತ್ಯವೇದ ತೆಗೆದು ಕೂತಳು. ಮನೆಯಲ್ಲಿ ಆಗ ಇಬ್ರಿಯರಿಗೆ ಬರೆದ ಪತ್ರ ನಡೆದಿತ್ತು. ಹಳೆಯ ಭಕ್ತರ ಹೆಸರನ್ನೆಲ್ಲ ಒಂದೊಂದಾಗಿ ಕರೆಯುವ ಉದ್ದನೆಯ ಅಧ್ಯಾಯ, ನಿನ್ನೆ ಅರ್ಧಕ್ಕೆ ನಿಂತಿತ್ತು. ಹಡಗು ಕಟ್ಟಿದವನು, ಊರು ಬಿಟ್ಟು ಹೊರಟವನು, ಮುಪ್ಪಿನಲ್ಲಿ ಹಡೆದವಳು, ಸೂಳೆಗೇರಿಯವಳು, ಎಲ್ಲರೂ ಅದರಲ್ಲಿದ್ದರು. ಅವರಲ್ಲೇ ಕಳ್ಳತನದಲ್ಲಿ ನಕ್ಕವಳೂ ಇದ್ದಳು, ಕುಡಿದು ಮಲಗಿದವನೂ ಇದ್ದ. ಇವರನ್ನೆಲ್ಲ ಹೊಗಳಿ ಹೊಗಳಿ, ಕೊನೆಯಲ್ಲಿ ಬರೆದವನು ಒಂದು ವಿಚಿತ್ರ ಮಾತು ಹೇಳಿದ್ದ. ಕರುಣಾ ಅದನ್ನು ಎರಡು ಸಲ ಓದಿದಳು. ಶಾಲೆಯಲ್ಲಿ ಓದಿದ್ದಳೋ ಇಲ್ಲವೋ ನೆನಪಾಗಲಿಲ್ಲ. ಈ ಮನೆಯಲ್ಲಿ ಯಾರಿಗೆ ಯಾವ ವಚನ ಬರುತ್ತದೆಂದು ಬೆರಳಿಟ್ಟು ಎಣಿಸುತ್ತ ಹೋದಳು. ಆ ಕೊನೆಯ ವಚನ ಅವ್ವನ ಪಾಳಿಗೆ ಬರುತ್ತಿತ್ತು. ಅಂದರೆ ಇವತ್ತು ಅದನ್ನು ಯಾರೂ ಓದುವುದಿಲ್ಲ.

ಸಂಜೆ ಸಮಾಧಾನಪ್ಪ ಕೈಯ ಎಣ್ಣೆಮಸಿ ತೊಳೆದುಕೊಂಡು ಬಂದು ಕೂತ. ಹೊರಗೆ ದೀಪಾವಳಿಯ ಪಟಾಕಿ ಅಲ್ಲೊಂದು ಇಲ್ಲೊಂದು ಸಿಡಿಯುತ್ತಿತ್ತು. ಕರುಣಾ ವಿಜಯಾಳ ಜಾಗ ಬಿಟ್ಟು ತನ್ನ ಹಳೆಯ ಜಾಗಕ್ಕೆ, ಅತ್ತೆಯ ಖಾಲಿ ಜಾಗದ ಪಕ್ಕಕ್ಕೆ, ಬಂದು ಕೂತಳು. ವಿಜಯಾ ತನ್ನ ಜಾಗಕ್ಕೆ ಸರಿದಳು. ಓದು ಶುರುವಾಯಿತು. ಸಮಾಧಾನಪ್ಪ, ಅವ್ವನ ಮೌನ, ಕರುಣಾ, ವಿಜಯಾ. ಒಂದೊಂದು ಮೌನದಲ್ಲೂ ಎರಡು ಬೆರಳು ಬಂದು ತಟ್ಟಿದವು. ಕರುಣಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ತನ್ನ ಪಾಲಿನದನ್ನು ಓದಿದಳು.

ಸಮಾಧಾನಪ್ಪ ಕೊನೆಗೆ ಒಂದು ವಚನ ಉಳಿಸಿ ನಿಲ್ಲಿಸಿದ. “ಅವ್ವಂದು,” ಅಂದ. ತಲೆ ತಗ್ಗಿಸಿದ.

ಬೆರಳು ತಟ್ಟಿದವು. ಇನ್ನೊಮ್ಮೆ ತಟ್ಟಿದವು. ಆ ತಟ್ಟುವಿಕೆಯಲ್ಲಿ ಸಿಟ್ಟಿದೆಯೆಂದು ಇಷ್ಟು ದಿನ ನಂಬಿದ್ದಳು. ಈಗ ಮೈಯೆಲ್ಲ ಕಿವಿಯಾಗಿ ಕೂತಾಗ ಅದರಲ್ಲಿ ಸಿಟ್ಟೂ ಇರಲಿಲ್ಲ, ಶಾಪವೂ ಇರಲಿಲ್ಲ. ಅಕ್ಷರ ಬಾರದ ಒಬ್ಬ ಮುದುಕಿ, ಮುಂದಿನ ಮಾತು ಏನೆಂದು ತಿಳಿಯದೆ, ಸೊಸೆಯ ಬಾಯನ್ನೇ ನೆಚ್ಚಿಕೊಂಡು ಕೂತಿದ್ದಳು, ಅಷ್ಟೆ. ಸ್ವರ್ಗಕ್ಕೆ ಹೋದರೂ ಓದು ಬಂದಿರಲಿಲ್ಲ.

ಕರುಣಾ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಖಾಲಿ ಜಾಗದ ಕಡೆಗೆ ಬಾಗಿದಳು.

“ದೇವರು ನಮಗಾಗಿ,” ಎಂದು ಪಿಸುಗುಟ್ಟಿದಳು. ಕಾದಳು. ಬೆರಳು ತಟ್ಟಿದವು.

“ಇನ್ನೂ ಮೇಲಾದದ್ದನ್ನು ತೆಗೆದಿಟ್ಟಿದ್ದಾನೆ.” ಬೆರಳು ತಟ್ಟಿದವು.

“ಆದ್ದರಿಂದ ಅವರು, ನಮ್ಮನ್ನು ಬಿಟ್ಟು…” ಸಾಲಿನ ಮೇಲೆ ಬೆರಳಿಟ್ಟಳು. ಮತ್ತೆ ಹಿಡಿದು ಮುಗಿಸಿದಳು. “ನಮ್ಮನ್ನು ಬಿಟ್ಟು ಪೂರ್ತಿಯಾಗುವ ಹಾಗಿಲ್ಲ.”

ಈ ಸಲ ಬೆರಳು ತಟ್ಟಲಿಲ್ಲ. ಹೋಗಲೂ ಇಲ್ಲ. ಇಡೀ ಅಂಗೈ ಬಂದು ಮೊಣಕಾಲಿನ ಮೇಲೆ ಕೂತ ಹಾಗಾಯಿತು. ಕೆಲಸ ಮುಗಿದ ಮೇಲೆ ಹೆಂಗಸರು ಪಕ್ಕದವಳ ಮೇಲೆ ಕೈಯೂರಿಕೊಳ್ಳುವ ಹಾಗೆ, ಭಾರವಾಗಿ. ಕರುಣಾ ಮೊಣಕಾಲನ್ನು ಎಳೆದುಕೊಳ್ಳಲಿಲ್ಲ.

ತಲೆಯೆತ್ತಿದಾಗ ಗಂಡ ಅವಳನ್ನೇ ನೋಡುತ್ತಿದ್ದ.

“ಅವತ್ತು ನನಗ ಜಾಗ ತಪ್ಪಿರಲಿಲ್ರಿ,” ಅಂದಳು ಕರುಣಾ. “ಪಾದ್ರಿಯವರು ಬಂದ ದಿವಸ. ವಚನ ನನ್ನ ಕಣ್ಣ ಮುಂದs ಇತ್ತು. ಅತ್ತಿ ತಟ್ಟಿದ್ರು, ಮತ್ತ ತಟ್ಟಿದ್ರು. ನಾ ಬೇಕಂತs ಹೇಳಲಿಲ್ಲ. ಅವರ ಕಣ್ಣಿಗೆ ಏನೂ ಆಗಿರಲಿಲ್ಲ. ನನ್ನ ಹೆಸರು ಹೇಳಬಾರದಂತ ಸಾಯೂತನಕ ಆ ಕನ್ನಡಕ ಹಾಕ್ಕೊಂಡ್ರು.”

ಸಾಯುವತನಕ ಹಾಕಿಕೊಂಡದ್ದು ಅದಕ್ಕೇ ಎಂದು ಅವಳಿಗೆ ಗೊತ್ತಾದದ್ದು ಆ ಮಾತು ಬಾಯಿಂದ ಬಿದ್ದ ಮೇಲೆ. ಅತ್ತೆ ಅದನ್ನು ತನ್ನ ಮಾನಕ್ಕಾಗಿ ಮಾಡಿದ್ದಳೋ ಸೊಸೆಯ ಮಾನಕ್ಕಾಗಿ ಮಾಡಿದ್ದಳೋ, ಎರಡೂ ಒಂದೇ ಕನ್ನಡಕದ ಹಿಂದೆ ಇದ್ದವು.

ಸಮಾಧಾನಪ್ಪ ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿಬಿಡುತ್ತಾನೆ, ಎದ್ದು ಹೋಗುತ್ತಾನೆ ಎಂದು ಕರುಣಾ ಅಂದುಕೊಂಡಳು. ಅಧ್ಯಾಯವೇನೋ ಮುಗಿದಿತ್ತು, ಪ್ರಾರ್ಥನೆಗೆ ಮೊಣಕಾಲೂರಬೇಕಿತ್ತು. ಅವನು ಪುಟ ತಿರುವಿದ.

“ಮುಂದಿಂದು ನಿಂದು,” ಅಂದ.

ಅವನ ದನಿಯಲ್ಲಿ ಕ್ಷಮೆ ಇತ್ತೆಂದರೆ ಸುಳ್ಳಾದೀತು. ಅದು ಅವನಿಗೆ ಆ ಸಂಜೆ ಬರಲಿಲ್ಲ, ಆಮೇಲೂ ಬಹಳ ದಿನ ಬರಲಿಲ್ಲ. ಆದರೆ ಅವಳ ಪಾಳಿಯನ್ನು ಅವನು ದಾಟಲಿಲ್ಲ.

ಕರುಣಾ ಪುಸ್ತಕವನ್ನು ಹತ್ತಿರ ಎಳೆದುಕೊಂಡಳು. ಹೊಸ ಅಧ್ಯಾಯದ ಮೊದಲ ವಚನ. ಗೋರಿಯ ಬಳಿ ಪಾದ್ರಿಯವರು ಅದನ್ನೇ ಬೋಧಿಸಿದ್ದರು. ಏಳನೆಯ ಇಯತ್ತೆ ಓದಿದ ಕಣ್ಣಿಗೆ ಈಗ ಒಂದಕ್ಷರವೂ ಕಾಣಿಸಲಿಲ್ಲ. ಎಷ್ಟು ಒರೆಸಿಕೊಂಡರೂ ಸಾಲುಗಳು ಮತ್ತೆ ನೀರಿನಲ್ಲಿ ಕರಗಿ ಹೋಗುತ್ತಿದ್ದವು.

“ವಿಜಯಾ,” ಅಂದಳು. “ನನಗ ಕಾಣವಲ್ದು. ಹೇಳಿಕೊಡವಾ.”

ವಿಜಯಾ ಗಾಬರಿಯಾಗಿ ಅಣ್ಣನ ಕಡೆ ನೋಡಿದಳು. ಅವಳು ಸರಿದು ಬಂದು, ಪುಸ್ತಕದ ಮೇಲೆ ಬಾಗಿ, ಅಕ್ಷರ ಅಕ್ಷರಕ್ಕೆ ಎಡವುತ್ತ ವೈನಿಯ ಕಿವಿಯಲ್ಲಿ ಪಿಸುಗುಟ್ಟಿದಳು.

“ಇಷ್ಟೊಂದು… ಮಂದಿ ಸಾ… ಸಾಕ್ಷಿಗಳು.”

“ಇಷ್ಟೊಂದು ಮಂದಿ ಸಾಕ್ಷಿಗಳು,” ಎಂದಳು ಕರುಣಾ, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ.

“ಮೋಡದ ಹಾಗೆ… ನಮ್ಮ ಸುತ್ತ ಇರುವಾಗ.”

“ಮೋಡದ ಹಾಗೆ ನಮ್ಮ ಸುತ್ತ ಇರುವಾಗ.”

ವಿಜಯಾ ಅಲ್ಲಿಗೆ ನಿಲ್ಲಿಸಿದಳು. ಇನ್ನೂ ಹೇಳಬೇಕೋ, ಸಾಕೋ, ಅವಳಿಗೆ ತಿಳಿಯಲಿಲ್ಲ. ಕರುಣಾಳ ಕೈ ತಾನಾಗಿ ಚಾಪೆಯ ಮೇಲಿಂದ ಎದ್ದು, ಎರಡು ಬೆರಳಿನಿಂದ ನಾದಿನಿಯ ಮೊಣಕಾಲನ್ನು ತಟ್ಟಿತು. ವಿಜಯಾ ಮುಂದಿನ ತುಂಡನ್ನು ಹೇಳಿಕೊಟ್ಟಳು.